ಹಲಗೆ

ದ್ವಿತೀಯ ಪಿಯುಸಿ, ಕಲಾ ವಿಭಾಗ.
ಊಟ ಮುಗಿಸಿ ಬಂದ ಮಕ್ಕಳ ಕಣ್ಣು
ಅರ್ಧ ಮುಚ್ಚಿದ ಅಂಗಡಿ ಬಾಗಿಲು.
ಪುಸ್ತಕ ಪಕ್ಕಕ್ಕಿಟ್ಟು ಹೇಳಿದೆ:
ಸಮುದ್ರದಲ್ಲೆಲ್ಲೋ ಒಂದು ದೇಶ,
ನಕ್ಷೆಯಲ್ಲಿ ಅಚ್ಚಿನ ತಪ್ಪಿನಷ್ಟು ಚುಕ್ಕೆ.
ಒಟ್ಟು ಜನ ನಮ್ಮ ತಾಲ್ಲೂಕಿನಷ್ಟೂ ಇಲ್ಲ.
ಅವರೀಗ ಕಾನೂನು ಬರೆಯುತ್ತಿದ್ದಾರಂತೆ
ಯೋಚಿಸುವ ಯಂತ್ರಗಳಿಗೆ.

"ಆ ಯಂತ್ರಾನ ಅವರೇ ಮಾಡ್ತಾರಾ ಮಿಸ್?"
ಇಲ್ಲ.
"ಕಂಪನಿ ಐತಾ?"
ಇಲ್ಲ. ಮೀನು, ತೆಂಗಿನಕಾಯಿ, ಒಂದು ವಿಮಾನ ನಿಲ್ದಾಣ.
"ಮತ್ತೆ ಅವರ ಮಾತು ಯಾರ್ ಕೇಳ್ತಾರೆ?"

ಕೊನೆಯ ಬೆಂಚು ನಕ್ಕಿತು. ನಾನೂ ನಕ್ಕೆ,
ಉತ್ತರ ಗೊತ್ತಿಲ್ಲದ ಮೇಷ್ಟ್ರು ನಗುವ ಹಾಗೆ.

ಕಿಟಕಿ ಪಕ್ಕದ ತನುಷ್ ಗೊಣಗಿದ:
"ನಮ್ಮೂರೂ ದ್ವೀಪಾನೇ ಅಲ್ವಾ."

ಹೌದಲ್ಲ.
ಆಚೆಗೊಂದು ಕಾವೇರಿ, ಈಚೆಗೊಂದು ಕಾವೇರಿ,
ಸಂಗಮದಲ್ಲಿ ಎರಡೂ ಕೂಡುವ ತನಕ
ನಡುವೆ ನಾವು: ಕೋಟೆಯ ಗೋಡೆ, ಗಂಜಾಮಿನ ಅಂಜೂರ,
ಬಸ್‌ಸ್ಟ್ಯಾಂಡು, ಈ ಕಾಲೇಜು, ಅದರ ಸೋರುವ ನಲ್ಲಿ.
ಹತ್ತೊಂಬತ್ತು ವರ್ಷ ಸೇತುವೆ ದಾಟಿ ಪಾಠಕ್ಕೆ ಬಂದವಳಿಗೆ
ದ್ವೀಪಕ್ಕೆ ಬರುತ್ತಿದ್ದೇನೆಂದು
ಒಂದು ದಿನವೂ ಅನಿಸಿರಲಿಲ್ಲ.

ಸರಿ, ಬರೀರಿ ಅಂದೆ, ಈ ದ್ವೀಪದ ಕಾನೂನು.

ಸೀಮೆಸುಣ್ಣ ಕೈಯಿಂದ ಕೈಗೆ ಹೋಯಿತು.
ಸೇತುವೆ ದಾಟಿ ಬರುವ ಯಂತ್ರ
ತಾನು ಯಂತ್ರ ಎಂದು ಮೊದಲು ಹೇಳತಕ್ಕದ್ದು.
ಸತ್ತವರ ದನಿಯಲ್ಲಿ ಫೋನು ಮಾಡತಕ್ಕದ್ದಲ್ಲ
(ಮೌನಾಳ ಅಜ್ಜಿಗೆ ಬಂದಿತ್ತಂತೆ,
ತೀರಿಹೋದ ತಮ್ಮನ ದನಿ, ದುಡ್ಡು ಕೇಳಿಕೊಂಡು;
ಅಜ್ಜಿ ದುಡ್ಡು ಕೊಡಲಿಲ್ಲ,
ಫೋನನ್ನೂ ಇಡಲಿಲ್ಲ).
ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಎಲ್ಲಕ್ಕೂ ವಿನಾಯಿತಿ.
ಇದನ್ನು ಅಳಿಸಿದೆ. ಮತ್ತೆ ಬರೆದರು.

ತಸ್ಮಿಯಾ ಎದ್ದದ್ದು ಕೊನೆಗೆ.
ಅವಳ ವಿದ್ಯಾರ್ಥಿವೇತನ ಎರಡು ಸಲ ತಿರಸ್ಕೃತ:
ಒಂದು ದಾಖಲೆಯಲ್ಲಿ ಹೆಸರಿಗೆ ದೀರ್ಘವಿದೆ, ಇನ್ನೊಂದರಲ್ಲಿಲ್ಲ.
ತಾಲ್ಲೂಕು ಮಂಡ್ಯಕ್ಕೆ ಕಳಿಸಿತು,
ಮಂಡ್ಯ ಬೆಂಗಳೂರಿನ ಕಡೆ ಕೈ ತೋರಿಸಿತು,
ಅಲ್ಲಿ ಫೋನೆತ್ತಿದ ಯಾರೋ ಅಂದರಂತೆ:
"ನಾವೇನ್ ಮಾಡಣಮ್ಮ, ಸಿಸ್ಟಮ್ ತಗೋತಿಲ್ಲ."

ಎಡಗೈಯವಳು. ಅಕ್ಷರ ಹಿಂದಕ್ಕೆ ವಾಲುತ್ತವೆ.

ಇಲ್ಲ ಅನ್ನುವುದಿದ್ದರೆ
ಹೆಸರಿರುವ ಒಬ್ಬರು
ಎದುರಿಗೆ ನಿಂತು
ಇಲ್ಲ ಅನ್ನಬೇಕು.

ಫ್ಯಾನಿನ ಸದ್ದು ಕೇಳಿಸಿತು, ಅಷ್ಟು ಹೊತ್ತೂ ಇದ್ದದ್ದು.
ಆ ದೇಶದ ಕರಡು ನನ್ನ ಚೀಲದಲ್ಲೇ ಇತ್ತು.
ಒಂಬತ್ತನೇ ಪುಟದಲ್ಲಿ ಹೆಚ್ಚುಕಡಿಮೆ ಇದೇ ಮಾತು,
ಮೂರು ಉಪವಿಧಿ, ಒಂದು ಅಡಿಟಿಪ್ಪಣಿ ಸಮೇತ.
ತೆಗೆದು ತೋರಿಸಲಿಲ್ಲ.

ಸಂಜೆ ಬಂಗಾರದೊಡ್ಡಿ ನಾಲೆಯ ಏರಿ.
ನದಿಯ ತಲೆಯ ಮೇಲೆ ನದಿಯನ್ನೇ ದಾಟಿಸಿ
ದ್ವೀಪದೊಳಕ್ಕೆ ತಂದ ನೀರು.
ತೂಬಿನ ಹತ್ತಿರ ನೀರುಗಂಟಿ ಮೊಗಣ್ಣ.
ಕೇಳಿದೆ, ನೀರು ಯಾರದು ಮೊಗಣ್ಣ?
"ಮ್ಯಾಲ್ನೋರ್ದು ಕನವ್ವ. ಕಟ್ಟೆ ಅವರ್ದು, ಬೀಗ ಅವರ್ದು.
ಬುಟ್ರೆ ಬತ್ತದೆ. ಬುಡ್ನಿಲ್ವಾ, ಇಲ್ಲ."
ಹಂಗಾದರೆ ನಿಂದು?

ಮಾತಾಡಲಿಲ್ಲ. ಬಗ್ಗಿ
ತೂಬಿನ ಹಲಗೆಯನ್ನು ಎರಡು ಬೆರಳು ಎತ್ತಿದ.
ಈ ಗದ್ದೆಗೆ ಒಂದು ಬೀಡಿ ಮುಗಿಯುವಷ್ಟು ಹೊತ್ತು.
ಇಳಿಸಿದ. ಮುಂದಿನ ಗದ್ದೆಗೆ ನಡೆದ.
ದೊಡ್ಡವರ ಗದ್ದೆಗೂ ಅಷ್ಟೇ ಬೀಡಿ ಅನ್ನುತ್ತಾನೆ.
ಊರು ಬೇರೆ ಹೇಳುತ್ತದೆ.
ಹಲಗೆ ಹಿಡಿದ ಕೈಯ ಮೇಲೂ ಒಂದು ಕಣ್ಣು ಬೇಕು,
ನಾಳೆ ಇದನ್ನು ಸೇರಿಸಬೇಕು ಅಂದುಕೊಂಡೆ.

ನಾಳೆ ಬೆಳಿಗ್ಗೆಯೇ ಅರ್ಥಶಾಸ್ತ್ರದವರು ಬಂದು ಹೋಗಿದ್ದರು.
ಕಪ್ಪು ಹಲಗೆಯ ಮೇಲೆ ಕಾನೂನು ಅರೆಬರೆ ಅಳಿಸಿ
ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿದಿತ್ತು.
ಅದರ ಅಡಿಯಲ್ಲಿ, ಹಿಂದಕ್ಕೆ ವಾಲಿಕೊಂಡು,
"ಎದುರಿಗೆ ನಿಂತು."

ಹಾಜರಿ ಕರೆದೆ. ತಸ್ಮಿಯಾ ಇಲ್ಲ.
ಎಂಟೂವರೆ ಬಸ್ಸಿಗೆ ಮಂಡ್ಯಕ್ಕೆ ಹೋದಳಂತೆ,
ಒಬ್ಬಳೇ,
ಯಾರಾದರೂ ಇದ್ದಾರಾ ನೋಡಿ ಬರುತ್ತೇನೆ ಅಂತ.